ನಾಲ್ಕು ಪರೀಕ್ಷೆ ದಾಟಿದ 3,21,50,31,751
ಸಂಖ್ಯೆಗಳನ್ನು ವರ್ಗೀಕರಿಸುವ ನನ್ನ ಅಂಗೈಯಗಲದ ಪೆಟ್ಟಿಗೆ ಮೂರು ವಾರ ತಪ್ಪುತ್ತರ ಕೊಟ್ಟು, ನಿನ್ನೆ ರಾತ್ರಿ ಸರಿದಾರಿಗೆ ಬಂದಿತು. ಬೆಸುಗೆ, ಪರದೆಯ ಜೋಡಣೆ ಬದಿಗಿಟ್ಟು ನೇರವಾಗಿ ತೊಡಕಿಗೇ ಬರುತ್ತೇನೆ. ಸಂಖ್ಯೆ ಅವಿಭಾಜ್ಯವೇ, ಅಂದರೆ 1 ಮತ್ತು ತನ್ನಿಂದ ಮಾತ್ರ ಭಾಗವಾಗುವುದೇ, ಎಂದು ತಿಳಿಯಲು ಪೆಟ್ಟಿಗೆ ಬಳಸುವುದು ಮಿಲ್ಲರ್-ರಾಬಿನ್ ಪರೀಕ್ಷೆ: ‘ಆಧಾರ’ ಎನ್ನುವ ಕೆಲವು ಚಿಕ್ಕ ಸಂಖ್ಯೆಗಳನ್ನು ದೊಡ್ಡ ಘಾತಕ್ಕೇರಿಸಿ, ಪರೀಕ್ಷಿಸುವ ಸಂಖ್ಯೆಯಿಂದ ಭಾಗಿಸಿ, ಶೇಷ ನೋಡುವ ವಿಧಾನ. ಬಸವನಗುಡಿಯ ನಿವೃತ್ತ ಗಣಿತದ ಮೇಷ್ಟ್ರೊಬ್ಬರು ಚೀಟಿಯಲ್ಲಿ ಬರೆದುಕೊಟ್ಟಿದ್ದ 3,21,50,31,751 ಅನ್ನು ಒತ್ತಿದಾಗಲೆಲ್ಲ ಪರದೆಯಲ್ಲಿ ‘ಅವಿಭಾಜ್ಯ’ ಎಂದೇ ಮೂಡುತ್ತಿತ್ತು. ಲ್ಯಾಪ್‌ಟಾಪ್ ಮಾತ್ರ ಅದನ್ನು 151 × 751 × 28,351 ಎಂದು ಒಡೆದು ತೋರಿಸುತ್ತಿತ್ತು.

ಮೊದಲ ಅನುಮಾನ ಎಸ್.ಪಿ. ರಸ್ತೆಯಲ್ಲಿ ಕೊಂಡ ಕೀಪ್ಯಾಡ್ ಮೇಲೆ. ಅದರ 7 ಒಮ್ಮೊಮ್ಮೆ ಎರಡು ಸಲ ಬೀಳುತ್ತದೆ. ಬದಲಿಸಿಕೊಡಿ ಎಂದು ಬಿಲ್ ಹಿಡಿದು ಹೋದರೆ ಅಂಗಡಿಯವರು ‘ಚೆಕ್ ಮಾಡಿಯೇ ಕೊಟ್ಟಿದ್ದೇವೆ ಸಾರ್’ ಎಂದು ವಾಪಸ್ ಕಳಿಸಿದರು. ಆ ಬೇಸರ ಇನ್ನೂ ಹೋಗಿಲ್ಲ. ಆದರೆ ಪರದೆಯಲ್ಲಿ ಹತ್ತೂ ಅಂಕಿಗಳು ಸರಿಯಾಗಿದ್ದವು. ಗುಣಲಬ್ಧ ಪೆಟ್ಟಿಗೆಯ ಲೆಕ್ಕದ ಮಿತಿ ಮೀರಿ ಉಕ್ಕಿ ಹರಿಯುತ್ತಿದೆಯೇ ಎಂದೂ ನೋಡಿದೆ. ಈ ಸಂಖ್ಯೆಯ ವರ್ಗ ಚಿಹ್ನೆಯಿಲ್ಲದ 64 ಬಿಟ್‌ನೊಳಗೆ ಹಿಡಿಯುತ್ತದೆ, ಹಾಗಾಗಿ ಅದೂ ಕಾರಣವಲ್ಲ.

ಕೊನೆಗೆ ಪೆನ್ಸಿಲ್ ಹಿಡಿದು ಕೂತಾಗ ಗುಟ್ಟು ಬಿಟ್ಟಿತು. ಸಂಖ್ಯೆಯಿಂದ ಒಂದನ್ನು ಕಳೆದರೆ ಉಳಿಯುವುದು, ಮೂರು ಅಪವರ್ತನಗಳಿಂದಲೂ ಒಂದೊಂದು ಕಳೆದಾಗ ಬರುವ 150, 750, 28,350 ಮೂರರಿಂದಲೂ ನಿಶ್ಶೇಷವಾಗಿ ಭಾಗವಾಗುತ್ತದೆ, ಅಂದರೆ ಇದು ಅವಿಭಾಜ್ಯದಂತೆ ವೇಷ ಹಾಕುವ ಕಾರ್ಮೈಕಲ್ ಸಂಖ್ಯೆ. ಇದರೊಡನೆ ಸಾಮಾನ್ಯ ಅಪವರ್ತನವಿಲ್ಲದ ಯಾವ ಆಧಾರ ತೆಗೆದುಕೊಂಡರೂ ಫರ್ಮಾ ಪರೀಕ್ಷೆ (ಆಧಾರವನ್ನು ಸಂಖ್ಯೆಗಿಂತ ಒಂದು ಕಡಿಮೆ ಘಾತಕ್ಕೇರಿಸಿದಾಗ ಶೇಷ 1 ಬರುತ್ತದೆಯೇ ಎಂದು ನೋಡುವುದು) ಇದನ್ನು ಹಿಡಿಯಲಾರದು. ಒಂದು ಕಳೆದು ಉಳಿದ ಸಂಖ್ಯೆಯಲ್ಲಿ 2 ಅಪವರ್ತನವಾಗಿ ಒಂದೇ ಸಲ ಇರುವುದರಿಂದ ಮಿಲ್ಲರ್-ರಾಬಿನ್‌ಗೂ ಒಂದೇ ಹೆಜ್ಜೆ ಸಿಗುತ್ತದೆ: ಆಧಾರವನ್ನು ಆ ಉಳಿದ ಸಂಖ್ಯೆಯ ಅರ್ಧದಷ್ಟು ಘಾತಕ್ಕೇರಿಸಿದಾಗ ಶೇಷ +1 ಅಥವಾ −1 (ಭಾಜಕಕ್ಕಿಂತ ಒಂದು ಕಡಿಮೆ) ಆಗಬೇಕು, ಅಷ್ಟೆ. ಮೇಲಿನ ಮೂರು ಭಾಗಾಕಾರಗಳ ಭಾಗಲಬ್ಧಗಳೂ ಬೆಸವಾದ್ದರಿಂದ, ಆಧಾರವು ಆಯಾ ಅವಿಭಾಜ್ಯಕ್ಕೆ ವರ್ಗಶೇಷವೋ (ಯಾವುದಾದರೂ ವರ್ಗಸಂಖ್ಯೆಯನ್ನು ಅದರಿಂದ ಭಾಗಿಸಿದಾಗ ಉಳಿಯುವ ಶೇಷವೋ) ಅಲ್ಲವೋ ಎಂಬುದೇ ಚಿಹ್ನೆಯನ್ನು ನಿರ್ಧರಿಸುತ್ತದೆ. 2 ಮತ್ತು 5ಕ್ಕೆ ಮೂರೂ ಅಪವರ್ತನಗಳು +1 ಎನ್ನುತ್ತವೆ, 3 ಮತ್ತು 7ಕ್ಕೆ ಮೂರೂ −1 ಎನ್ನುತ್ತವೆ. ನನ್ನ ಕೋಡ್‌ನಲ್ಲಿದ್ದದ್ದು ಸರಿಯಾಗಿ ಈ ನಾಲ್ಕೇ ಆಧಾರಗಳು! 2,500 ಕೋಟಿಯೊಳಗೆ ಈ ನಾಲ್ಕನ್ನೂ ದಾಟುವ ಸಂಯುಕ್ತ (ಅವಿಭಾಜ್ಯವಲ್ಲದ) ಸಂಖ್ಯೆ ಇದೊಂದೇ ಎಂದು ಗಣಿತಜ್ಞರಾದ ಪೊಮೆರನ್ಸ್, ಸೆಲ್ಫ್ರಿಜ್, ವ್ಯಾಗ್‌ಸ್ಟಾಫ್ 1980ರಲ್ಲೇ ತೋರಿಸಿದ್ದರು. ಮೇಷ್ಟ್ರು ಬೇಕೆಂದೇ ಆರಿಸಿದ್ದರು.

11ನ್ನು ಸೇರಿಸಿದೆ. 151 ಅದಕ್ಕೆ +1 ಎಂದಿತು, ಉಳಿದೆರಡು −1 ಎಂದವು, ಒಗ್ಗಟ್ಟು ಮುರಿಯಿತು. ಈಗ ಪರದೆಯಲ್ಲಿ ಬರುವುದು: ಸಂಯುಕ್ತ, ಮೂರು ಭಿನ್ನ ಅವಿಭಾಜ್ಯಗಳ ಗುಣಲಬ್ಧ, ಭಾಜಕಗಳು 8, ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ 2,57,15,257, ಅದು ಸಂಖ್ಯೆಗಿಂತ ಕಡಿಮೆ, ಆದ್ದರಿಂದ ನ್ಯೂನ ಸಂಖ್ಯೆ.

ಮುಂದಿನ ಪೆಟ್ಟಿಗೆ ನಮ್ಮ ಬೆಂಗಳೂರಿನವರೇ ಆದ ಶಕುಂತಲಾ ದೇವಿಯವರಿಗಾಗಿ. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಅವರು 28 ಸೆಕೆಂಡುಗಳಲ್ಲಿ ಗುಣಿಸಿದ ಎರಡು ಹದಿಮೂರಂಕಿ ಸಂಖ್ಯೆಗಳಲ್ಲಿ 76,86,36,97,74,870 ಸೊನ್ನೆಯಲ್ಲಿ ಮುಗಿಯುವುದರಿಂದ ಅದು ಸಂಯುಕ್ತವೆಂದು ತಿಳಿದೇ ಇದೆ. 24,65,09,97,45,779 ಅನ್ನು ಮಾತ್ರ ಪೆಟ್ಟಿಗೆಯೇ ಪರೀಕ್ಷಿಸಬೇಕು. ಐದು ಆಧಾರಗಳನ್ನೂ ದಾಟುವ ಅತಿ ಚಿಕ್ಕ ಸಂಯುಕ್ತ ಸಂಖ್ಯೆ 21,52,30,28,98,747 ಇದಕ್ಕಿಂತ ಚಿಕ್ಕದು, ಹಾಗಾಗಿ 13 ಕೂಡ ಬೇಕು. 64 ಬಿಟ್ ಸಾಲದೆ ಗುಣಾಕಾರವನ್ನು ತುಂಡು ಮಾಡಿ ಬರೆಯಬೇಕಾಗಿದೆ. ಭಾನುವಾರ ಅದನ್ನೇ ಆರಂಭಿಸುತ್ತೇನೆ, ಬೇರೆ ಅಂಗಡಿಯ ಕೀಪ್ಯಾಡ್‌ನೊಂದಿಗೆ.