ಚಿಮಣಿಗೂ ತಂತಿಗೂ ಒಂದೇ ಗಡುವು

ಅಮೆರಿಕದ ವರ್ಜೀನಿಯಾ ರಾಜ್ಯದ ಅಲೆಕ್ಸಾಂಡ್ರಿಯಾ ನಗರದಲ್ಲಿ, ಪೊಟೋಮ್ಯಾಕ್ ನದಿಯ ದಂಡೆಯ ಮೇಲೆ, 1949ರಿಂದ ನಡೆಯುತ್ತಿದ್ದ ಐದು ಘಟಕಗಳ ಕಲ್ಲಿದ್ದಲು ಸ್ಥಾವರವೊಂದಿತ್ತು. ಅದರ ಸಾಮರ್ಥ್ಯ 482 ಮೆಗಾವ್ಯಾಟ್. ವಿಮಾನ ನಿಲ್ದಾಣ ಹತ್ತಿರದಲ್ಲೇ ಇದ್ದುದರಿಂದ ಚಿಮಣಿಗಳನ್ನು ಎತ್ತರಕ್ಕೆ ಕಟ್ಟುವಂತಿರಲಿಲ್ಲ; ಹೀಗಾಗಿ ಹೊಗೆ ಮೇಲೇರಿ ಚದುರುವ ಬದಲು ಪಕ್ಕದ ವಸತಿ ಕಟ್ಟಡದತ್ತ ಇಳಿಯುತ್ತಿತ್ತು. 2005ರಲ್ಲಿ ನಡೆದ ಅಧ್ಯಯನವೊಂದು ಅಲ್ಲಿನ ಗಾಳಿ ರಾಷ್ಟ್ರೀಯ ಮಿತಿಗಳನ್ನು ಮೀರಬಹುದೆಂದು ತೋರಿಸಿದಾಗ, ರಾಜ್ಯದ ಪರಿಸರ ಇಲಾಖೆ ಕ್ರಮಕ್ಕೆ ಸೂಚಿಸಿತು. ಆಗಸ್ಟ್‌ನಲ್ಲಿ ಕಂಪನಿ ಇಡೀ ಸ್ಥಾವರವನ್ನೇ ನಿಲ್ಲಿಸಿತು.

ನದಿಯ ಆಚೆ ದಡದಲ್ಲಿ ಆತಂಕ ಶುರುವಾಯಿತು. ರಾಜಧಾನಿ ವಾಷಿಂಗ್ಟನ್‌ನ ನಡುಭಾಗಕ್ಕೆ ವಿದ್ಯುತ್ ಬರುತ್ತಿದ್ದುದು ಈ ಸ್ಥಾವರದಿಂದ ಮತ್ತು 230 ಕಿಲೋವೋಲ್ಟ್‌ನ ಎರಡು ಪ್ರಸರಣ ಮಾರ್ಗಗಳಿಂದ. ಸ್ಥಾವರ ನಿಂತಿರುವಾಗ ಆ ಎರಡೂ ಮಾರ್ಗಗಳು ಕೈಕೊಟ್ಟರೆ ಆ ಭಾಗಕ್ಕೆ ಬೇರೆ ದಾರಿಯೇ ಇರಲಿಲ್ಲ. ಅಲ್ಲಿನ ದೊಡ್ಡ ಕೊಳಚೆ ನೀರು ಶುದ್ಧೀಕರಣ ಘಟಕ ಬ್ಲೂ ಪ್ಲೇನ್ಸ್‌ಗೆ ವಿದ್ಯುತ್ ತಪ್ಪಿದರೆ, ಒಂದು ದಿನದೊಳಗೆ ಸಂಸ್ಕರಿಸದ ಕೊಳಚೆಯನ್ನು ನದಿಗೆ ಬಿಡಬೇಕಾಗುತ್ತಿತ್ತು. ಗಾಳಿಯನ್ನು ಉಳಿಸಲು ಹೊರಟ ಕ್ರಮದಿಂದ ನದಿಯೇ ಕೆಡುವ ಸಂಭವವಿತ್ತು ಎಂಬುದನ್ನು ಪರಿಸರದ ಪರ ನಿಲ್ಲುವ ನನ್ನಂಥವರು ಗಂಭೀರವಾಗಿ ಪರಿಗಣಿಸಬೇಕು.

2005ರ ಡಿಸೆಂಬರ್ 20ರಂದು ಅಮೆರಿಕದ ಇಂಧನ ಇಲಾಖೆ ತನ್ನ ತುರ್ತು ಅಧಿಕಾರವನ್ನು ಬಳಸಿ ಸ್ಥಾವರವನ್ನು ಮತ್ತೆ ನಡೆಸುವಂತೆ ಆದೇಶಿಸಿತು. ಆ ಆದೇಶದಲ್ಲಿ ನನಗೆ ಮೆಚ್ಚುಗೆಯಾಗುವುದು ಅದರ ವಿವರ. ಎರಡೂ ಮಾರ್ಗಗಳು ಸರಿಯಾಗಿ ಕೆಲಸ ಮಾಡುತ್ತಿರುವಾಗ ಘಟಕಗಳನ್ನು ಸಿದ್ಧವಾಗಿಟ್ಟುಕೊಂಡು ಮಾಲಿನ್ಯವನ್ನು ಆದಷ್ಟು ಕಡಿಮೆ ಮಾಡಬೇಕು. ಒಂದು ಮಾರ್ಗ ದುರಸ್ತಿಗೆ ಹೋದಾಗ ಅಥವಾ ಕೆಟ್ಟಾಗ ಮಾತ್ರ ಬೇಕಾದಷ್ಟು ಉತ್ಪಾದಿಸಬಹುದು. 2007ರ ಮಧ್ಯದ ಹೊತ್ತಿಗೆ 230 ಕಿಲೋವೋಲ್ಟ್‌ನ ಇನ್ನೆರಡು ಮಾರ್ಗಗಳು ಸಿದ್ಧವಾದವು, ಆದೇಶದ ಅವಧಿಯೂ ಮುಗಿಯಿತು. ಸ್ಥಾವರ 2012ರಲ್ಲಿ ಶಾಶ್ವತವಾಗಿ ಮುಚ್ಚಿತು.

ಗ್ರಿಡ್‌ನ ಭದ್ರತೆ ಮತ್ತು ಪರಿಸರ ನಿಯಮಗಳ ನಡುವಿನ ಜಗಳವನ್ನು ಸಾಮಾನ್ಯವಾಗಿ ಒಂದು ದೇಶದ ಒಟ್ಟು ಮೆಗಾವ್ಯಾಟ್‌ಗಳ ಲೆಕ್ಕದಲ್ಲಿ ಮಾತನಾಡುತ್ತಾರೆ. ಆದರೆ ಗ್ರಿಡ್ ಸೋಲುವುದು ಒಂದು ನಿರ್ದಿಷ್ಟ ಸಬ್‌ಸ್ಟೇಷನ್‌ನಲ್ಲಿ, ಒಂದು ನಿರ್ದಿಷ್ಟ ಗಂಟೆಯಲ್ಲಿ. ಯಾವುದೇ ಒಂದು ಮಾರ್ಗವೋ ಘಟಕವೋ ಇದ್ದಕ್ಕಿದ್ದಂತೆ ಟ್ರಿಪ್ ಆಗಿ ಕಳಚಿಕೊಂಡರೂ ಉಳಿದವು ಹೊರೆಯನ್ನು ಹೊರುವಂತಿರಬೇಕು ಎಂಬುದು ಜಗತ್ತಿನ ಬಹುತೇಕ ನಿಯಂತ್ರಣ ಕೇಂದ್ರಗಳು ಪಾಲಿಸುವ ಮೂಲ ನಿಯಮ. ಹಳೆಯ ಸ್ಥಾವರವೊಂದು ನಿಂತಾಗ ಅದರ ಮೆಗಾವ್ಯಾಟ್ ಮಾತ್ರ ಹೋಗುವುದಿಲ್ಲ. ಆವರ್ತನ, ಅಂದರೆ ವಿದ್ಯುತ್ತು ಸೆಕೆಂಡಿಗೆ ಆವರ್ತಿಸುವ ಸಂಖ್ಯೆ, ಥಟ್ಟನೆ ಕುಸಿಯದಂತೆ ತಡೆಯುವ ಅದರ ಭಾರವಾದ ರೋಟರ್‌ನ ಜಡತ್ವ ಹೋಗುತ್ತದೆ, ಸುತ್ತಲಿನ ವೋಲ್ಟೇಜನ್ನು ಹಿಡಿದಿಡುವ ರಿಯಾಕ್ಟಿವ್ ಪವರ್ ಹೋಗುತ್ತದೆ. ರಿಯಾಕ್ಟಿವ್ ಪವರನ್ನು ನೂರಾರು ಕಿಲೋಮೀಟರ್ ದೂರದಿಂದ ತರಲಾಗುವುದಿಲ್ಲ. ಅಲ್ಲೇ ಹತ್ತಿರದಲ್ಲಿ ಕೆಪಾಸಿಟರ್‌ಗಳನ್ನೋ ಸಿಂಕ್ರೊನಸ್ ಕಂಡೆನ್ಸರ್ ಎಂಬ ಸುತ್ತುವ ಯಂತ್ರಗಳನ್ನೋ ಕೂರಿಸಬೇಕು. ಇವೆಲ್ಲ ಪರಿಹಾರವಿರುವ ಕೆಲಸಗಳೇ, ಆದರೆ ಪ್ರತಿಯೊಂದಕ್ಕೂ ಸಮಯ ಬೇಕು.

ಆದ್ದರಿಂದ ಗಡುವನ್ನು ಬರೆಯುವ ಕೈಗೆ ಗ್ರಿಡ್‌ನ ನಕ್ಷೆ ಗೊತ್ತಿರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಸ್ಥಾವರಗಳ ಪಾದರಸ ಮತ್ತಿತರ ವಿಷಕಾರಿ ವಸ್ತುಗಳನ್ನು ಮಿತಿಗೊಳಿಸಲು ಅಮೆರಿಕ 2011ರ ಡಿಸೆಂಬರ್‌ನಲ್ಲಿ ನಿಯಮ ತಂದಾಗ, ಮೂರು ವರ್ಷಗಳ ಅವಧಿ ಕೊಟ್ಟು, ಉಪಕರಣ ಅಳವಡಿಸಲು ರಾಜ್ಯಗಳು ಇನ್ನೊಂದು ವರ್ಷ ಕೊಡಬಹುದೆಂದಿತು. ಸ್ಥಳೀಯ ಗ್ರಿಡ್‌ಗೆ ಅನಿವಾರ್ಯವೆಂದು ಸಾಬೀತಾದ ಘಟಕಗಳಿಗೆ ಮಾತ್ರ ಐದನೆಯ ವರ್ಷದ ದಾರಿಯನ್ನೂ ತೆರೆದಿಟ್ಟಿತು. ದೊಡ್ಡ ಕತ್ತಲೆಯ ಎಚ್ಚರಿಕೆಗಳು ಆಗ ಬಹಳ ಕೇಳಿಬಂದಿದ್ದವು. 2015ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ವೆಚ್ಚವನ್ನು ಮೊದಲೇ ಪರಿಗಣಿಸಲಿಲ್ಲವೆಂದು ನಿಯಮವನ್ನು ಆಕ್ಷೇಪಿಸುವ ವೇಳೆಗೆ ಬಹುಪಾಲು ಸ್ಥಾವರಗಳು ಉಪಕರಣ ಅಳವಡಿಸಿದ್ದವು, ಇಲ್ಲವೇ ಮುಚ್ಚಿದ್ದವು, ಗ್ರಿಡ್ ಕುಸಿದಿರಲಿಲ್ಲ.

ಭಾರತದ ದಾರಿ ಬೇರೆಯಾಯಿತು. 2015ರ ಡಿಸೆಂಬರ್‌ನಲ್ಲಿ ಹೊರಡಿಸಿದ ಅಧಿಸೂಚನೆ, ಹಳೆಯ ಉಷ್ಣ ವಿದ್ಯುತ್ ಘಟಕಗಳೆಲ್ಲ ಎರಡು ವರ್ಷಗಳಲ್ಲಿ ಗಂಧಕದ ಡೈಆಕ್ಸೈಡ್ ಮಿತಿಗೆ ಒಳಪಡಬೇಕೆಂದಿತು. ಅದಕ್ಕೆ ಬೇಕಾದುದು ಎಫ್‌ಜಿಡಿ ಎಂಬ ಉಪಕರಣ: ಬಾಯ್ಲರ್‌ನಿಂದ ಬಂದ ಹೊಗೆಯನ್ನು ಎತ್ತರದ ಗೋಪುರದೊಳಗೆ ಹಾಯಿಸಿ, ಮೇಲಿನಿಂದ ಸುಣ್ಣದ ಕಲ್ಲಿನ ಪುಡಿ ಬೆರೆಸಿದ ನೀರನ್ನು ಸಿಂಪಡಿಸಿದರೆ ಗಂಧಕ ಅದರೊಡನೆ ಸೇರಿ ಜಿಪ್ಸಮ್ ಆಗಿ ಕೆಳಗೆ ಇಳಿಯುತ್ತದೆ. ಗೋಪುರ ಕಟ್ಟುವಾಗ ಘಟಕ ನಡೆಯುತ್ತಲೇ ಇರಬಹುದು, ಆದರೆ ಕೊನೆಯಲ್ಲಿ ಹೊಗೆಯ ನಾಳವನ್ನು ಅದಕ್ಕೆ ಜೋಡಿಸಲು ಘಟಕವನ್ನು ನಿಲ್ಲಿಸಲೇಬೇಕು. ನೂರಾರು ಘಟಕಗಳು ಸರದಿಯಲ್ಲಿ ನಿಲ್ಲಬೇಕಾದಾಗ ಎರಡು ವರ್ಷ ಸಾಲುವುದಿಲ್ಲವೆಂಬುದು ಮೊದಲ ದಿನವೇ ಕಾಣುತ್ತಿದ್ದ ಸಂಗತಿ. ಗಡುವು 2022ಕ್ಕೆ ಹೋಯಿತು, ಆಮೇಲೆ ಮತ್ತೆ ಮತ್ತೆ ಮುಂದೆ ಹೋಯಿತು. 2025ರ ಜುಲೈನಲ್ಲಿ, ದೊಡ್ಡ ನಗರಗಳಿಂದಲೂ ತೀವ್ರ ಮಾಲಿನ್ಯದ ಪ್ರದೇಶಗಳಿಂದಲೂ ದೂರವಿರುವ ಬಹುಪಾಲು ಘಟಕಗಳಿಗೆ, ಚಿಮಣಿಯ ಎತ್ತರದ ಷರತ್ತಿನೊಡನೆ, ಆ ಮಿತಿಯಿಂದಲೇ ವಿನಾಯಿತಿ ಸಿಕ್ಕಿತು. ಅಸಾಧ್ಯವಾದ ಗಡುವು ಕೊಟ್ಟಲ್ಲಿ, ಕೆಲಸ ಶುರುಮಾಡಿದವನಿಗಿಂತ ಕಾದು ಕುಳಿತವನೇ ಲಾಭ ಪಡೆಯುತ್ತಾನೆ. ಗಂಧಕದ ಡೈಆಕ್ಸೈಡ್ ಗಾಳಿಯಲ್ಲಿ ಸಲ್ಫೇಟ್‌ನ ಸೂಕ್ಷ್ಮ ಕಣಗಳಾಗಿ ನೂರಾರು ಕಿಲೋಮೀಟರ್ ಸಾಗಬಲ್ಲದು; ಎತ್ತರದ ಚಿಮಣಿ ಅದನ್ನು ದೂರಕ್ಕೆ ಕಳಿಸುತ್ತದೆಯೇ ಹೊರತು ಇಲ್ಲವಾಗಿಸುವುದಿಲ್ಲ. ಈ ವಿನಾಯಿತಿಯನ್ನು ನಾನು ಒಪ್ಪಲಾರೆ.

ಭದ್ರತೆಯ ಕೊರತೆಗೆಲ್ಲ ಪರಿಸರ ನಿಯಮವನ್ನೇ ಹೊಣೆ ಮಾಡುವುದೂ ಸರಿಯಲ್ಲ. 2021ರ ಫೆಬ್ರವರಿಯ ಚಳಿಯಲ್ಲಿ ಟೆಕ್ಸಾಸ್‌ನ ಗ್ರಿಡ್‌ನ ಆವರ್ತನ 60 ಹರ್ಟ್ಜ್‌ನಿಂದ ಕುಸಿದು, 4 ನಿಮಿಷ 23 ಸೆಕೆಂಡು ಕಾಲ 59.4ಕ್ಕಿಂತ ಕೆಳಗಿತ್ತು, ಒಂಬತ್ತು ನಿಮಿಷ ಹಾಗೇ ಇದ್ದಿದ್ದರೆ ಇನ್ನಷ್ಟು ಸ್ಥಾವರಗಳು ತಾವಾಗಿಯೇ ಕಳಚಿಕೊಂಡು ಇಡೀ ಜಾಲ ನೆಲಕಚ್ಚುವ ಅಪಾಯವಿತ್ತು. ಗ್ರಿಡ್ ನಿರ್ವಾಹಕರು ಕೇಳಿದ ಕೂಡಲೇ ಹೊರಸೂಸುವಿಕೆಯ ಮಿತಿ ಮೀರಲು ಇಂಧನ ಇಲಾಖೆ ಅನುಮತಿ ಕೊಟ್ಟಿತ್ತು. ಆದರೆ ಅಲ್ಲಿ ಕೈಕೊಟ್ಟದ್ದು ಚಳಿಗೆ ಸಜ್ಜುಗೊಳಿಸದ ಉಪಕರಣಗಳು ಮತ್ತು ಬತ್ತಿಹೋದ ಅನಿಲ ಪೂರೈಕೆ. ಹೊಗೆಯ ಮಿತಿ ಸಡಿಲಿಸಿದ ಮಾತ್ರಕ್ಕೆ ಹೆಪ್ಪುಗಟ್ಟಿದ ಕೊಳವೆಗಳು ಕರಗಲಿಲ್ಲ. ಆ ರಾಜ್ಯದ ಅಧಿಕೃತ ಲೆಕ್ಕದಲ್ಲೇ 246 ಜನ ಆ ಚಳಿಗಾಳಿಯಲ್ಲಿ ಪ್ರಾಣ ಕಳೆದುಕೊಂಡರು.

ತುರ್ತು ಅಧಿಕಾರ ಇರಲೇಬೇಕು, ಅದರಲ್ಲಿ ನನಗೆ ಸಂದೇಹವಿಲ್ಲ. 2015ರಲ್ಲಿ ಅಮೆರಿಕ ಅದನ್ನು ತಿದ್ದಿ, ಆದೇಶ ಪಾಲಿಸುವ ಸ್ಥಾವರವನ್ನು ಪರಿಸರ ಕಾನೂನಿನಡಿ ಶಿಕ್ಷಿಸುವಂತಿಲ್ಲ, ಆದರೆ ಅಂಥ ಆದೇಶ ಅಗತ್ಯವಾದ ಗಂಟೆಗಳಿಗೆ ಸೀಮಿತವಾಗಿರಬೇಕು ಮತ್ತು 90 ದಿನಗಳಲ್ಲಿ ಕೊನೆಗೊಳ್ಳಬೇಕು ಎಂದು ಬರೆಯಿತು. ನವೀಕರಣಕ್ಕೂ ಅವಕಾಶವಿತ್ತು. 2025ರ ಮೇ ತಿಂಗಳಲ್ಲಿ ಮಿಷಿಗನ್‌ನ ಕ್ಯಾಂಪ್‌ಬೆಲ್ ಕಲ್ಲಿದ್ದಲು ಸ್ಥಾವರ ಮುಚ್ಚಲು ಕೆಲವೇ ದಿನಗಳಿದ್ದಾಗ ಇದೇ ಅಧಿಕಾರದಡಿ ಅದನ್ನು ನಡೆಸುವಂತೆ ಆದೇಶ ಬಂತು, ಅವಧಿ ಮುಗಿದಾಗ ಮತ್ತೆ ನವೀಕರಣಗೊಂಡಿತು. ಮುಚ್ಚುವ ನಿರ್ಧಾರ ವರ್ಷಗಳ ಹಿಂದೆಯೇ ಆಗಿತ್ತು, ಬದಲಿ ಏರ್ಪಾಡುಗಳೂ ನಡೆದಿದ್ದವು. ಹೀಗೆ ನವೀಕರಿಸುತ್ತಲೇ ಹೋಗುವ ತುರ್ತು ಆದೇಶ, ಜನಪ್ರತಿನಿಧಿಗಳ ಮುಂದೆ ಬಾರದೆಯೇ ನಿಯಮವನ್ನು ಬದಲಿಸಿದಂತೆ.

ವಿನಾಯಿತಿ ಕೇಳುವವರು ಯಾವ ಮಾರ್ಗ ಕೈಕೊಟ್ಟರೆ ಯಾವ ಸಬ್‌ಸ್ಟೇಷನ್ ಬೀಳುತ್ತದೆ, ಬದಲಿ ಮಾರ್ಗದ ಕೆಲಸ ಎಲ್ಲಿಗೆ ಬಂದಿದೆ ಎಂಬುದನ್ನು ಅರ್ಜಿಯಲ್ಲೇ ತೋರಿಸಬೇಕು. ಕೊಡುವವರು ಅದನ್ನು ಗ್ರಿಡ್ ನಿರ್ವಾಹಕರಿಂದ ಸ್ವತಂತ್ರವಾಗಿ ಪರೀಕ್ಷೆ ಮಾಡಿಸಬೇಕು. ಮಿತಿ ಸಡಿಲವಾದಷ್ಟು ಕಾಲವೂ ಚಿಮಣಿಯೊಳಗಿನ ಮಾಪಕಗಳು ಚಾಲೂ ಇದ್ದು, ಗಂಟೆಗಂಟೆಯ ಅಂಕಿಗಳು ಆ ಹೊಗೆಯ ದಿಕ್ಕಿನಲ್ಲಿ ವಾಸಿಸುವ ಜನರಿಗೆ ಅಂದೇ ಸಿಗಬೇಕು.