ಬೇಡ ಅನ್ನಿಸಿತು ಅಂದಿದ್ದರೆ ಸಾಕಿತ್ತು

ಬೆಳಗ್ಗೆ ಇನ್ನೂ ಏಳಾಗಿರಲಿಲ್ಲ. ಒಲೆ ಮೇಲೆ ಚಹಾ ಇಟ್ಟಿದ್ದೆ. ವಾಟ್ಸಾಪ್‌ಗೆ ಒಂದು ಫೋಟೊ ಬಂತು. ಸೀರೆಯ ಒಡಲು ಮುಗಿದು ಸೆರಗು ಶುರುವಾಗುವ ಜಾಗ, ಅದರ ಮೇಲೊಂದು ಬೆರಳು. ಕೆಳಗೆ ನಾಲ್ಕು ಸಾಲು: ‘ಮೇಡಂ, ಇದು ತುಂಡು ಜೋಡಿಸಿದ ಸೀರೆ. ಡ್ಯಾಮೇಜ್ ಪೀಸ್ ಕಳಿಸಿದ್ದೀರಿ. ದುಡ್ಡು ವಾಪಸ್ ಹಾಕಿ.’

ಚಹಾ ಉಕ್ಕಿ ಒಲೆಯೆಲ್ಲ ಹೊಲಸಾಯಿತು.

ನಾನು ಬಾಗಲಕೋಟೆಯ ಮನೆಯಿಂದಲೇ ಇಳಕಲ್ ಸೀರೆ ಮಾರುತ್ತೇನೆ. ಅಂಗಡಿ ಇಲ್ಲ. ಇನ್‌ಸ್ಟಾಗ್ರಾಂನಲ್ಲಿ ಫೋಟೊ, ವಾಟ್ಸಾಪ್‌ನಲ್ಲಿ ಮಾತು, ಯುಪಿಐನಲ್ಲಿ ದುಡ್ಡು, ಆಮೇಲೆ ಕೊರಿಯರ್. ಇಷ್ಟೇ ನನ್ನ ವ್ಯಾಪಾರ. ಈ ಸೀರೆ ಬೆಂಗಳೂರಿನ ಒಬ್ಬರಿಗೆ ಹೋಗಿತ್ತು. ದಾಳಿಂಬೆ ಬಣ್ಣದ ಒಡಲು, ಕೆಂಪು-ಬಿಳಿ ಸೆರಗು, 3,800 ರೂಪಾಯಿ. ಆರಿಸುವಾಗ ಅವರು ಹನ್ನೊಂದು ಸೀರೆಗಳ ಫೋಟೊ ಕೇಳಿದ್ದರು. ಎರಡು ಸಲ ಬಿಸಿಲಲ್ಲಿ ಹಿಡಿದು ವಿಡಿಯೊ ಮಾಡಿಸಿದ್ದರು.

ಇಳಕಲ್ ಸೀರೆ ಗೊತ್ತಿದ್ದವರಿಗೆ ಆ ದೂರು ಕೇಳಿದರೆ ನಗು ಬರುತ್ತದೆ. ಇದರಲ್ಲಿ ಒಡಲಿನ ಹಾಸು, ಅಂದರೆ ಉದ್ದಕ್ಕೆ ಓಡುವ ಎಳೆ, ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಾದರೂ ಸೆರಗು ರೇಷ್ಮೆ. ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಸೇರಿಸುತ್ತಾರೆ. ಒಂದೊಂದು ಸೀರೆಗೂ ಈ ಕೆಲಸ ಹೊಸದಾಗಿಯೇ ಆಗಬೇಕು. ಅವರು ಬೆರಳಿಟ್ಟಿದ್ದು ಸರಿಯಾಗಿ ಆ ಜಾಗದ ಮೇಲೆ. ಇಡೀ ಸೀರೆಯಲ್ಲಿ ಜಾಸ್ತಿ ಕೈಗೆಲಸ ಇರುವ ಜಾಗವೇ ಅವರಿಗೆ ಡ್ಯಾಮೇಜ್ ಆಗಿ ಕಂಡಿತ್ತು!

ನೇಕಾರರಿಗೆ ಫೋಟೊ ಕಳಿಸಿದೆ. ಅವರು ಧ್ವನಿ ಸಂದೇಶ ಹಾಕಿದರು: ‘ಆ ಜೋಡಣಿ ಇಲ್ಲಂದ್ರ ಅದು ಇಳಕಲ್ ಸೀರಿನ ಅಲ್ರಿ ಅಕ್ಕಾರ.’ ಹಿಂದೆ ಮಗ್ಗದ ಸದ್ದು ಕೇಳುತ್ತಿತ್ತು. ಅದನ್ನೇ ಆ ಬೆಂಗಳೂರಿನವರಿಗೆ ದಾಟಿಸಿದೆ. ಜೊತೆಗೆ ಮಗ್ಗದ ವಿಡಿಯೊ, ಬೇರೆ ಮೂರು ಸೀರೆಗಳ ಜೋಡಣೆಯ ಫೋಟೊ. ಎಲ್ಲಕ್ಕೂ ನೀಲಿ ಗೆರೆ ಬಿತ್ತು. ಉತ್ತರ ಒಂದೇ ಸಾಲು: ‘ಏನೇ ಆಗಲಿ, ನನಗೆ ಡ್ಯಾಮೇಜ್ ಪೀಸ್ ಬೇಡ.’

ಆಗಲೇ ಅನುಮಾನ ಬಂತು. ಇದು ಸೀರೆಯ ತಕರಾರಲ್ಲ. ಇವರಿಗೆ ಸೀರೆ ಬೇಡವಾಗಿದೆ ಅಷ್ಟೆ.

ಈ ವಾಸನೆ ನನಗೆ ಹೊಸದಲ್ಲ. ಮೊದಲು ಎಂಟು ತಿಂಗಳು ಒಂದು ದೊಡ್ಡ ಆನ್‌ಲೈನ್ ಮಳಿಗೆಯಲ್ಲಿ ಮಾರುತ್ತಿದ್ದೆ. ಅಲ್ಲಿ ವಾಪಸ್ ಮಾಡುವವರು ಒಂದು ಪಟ್ಟಿಯಿಂದ ಕಾರಣ ಆರಿಸಬೇಕು. ‘ದೋಷವಿದೆ’ ಅಂತ ಒತ್ತಿದರೆ ಕೆಲಸ ಸಲೀಸು, ಹೊರೆ ಮಾರುವವರ ತಲೆಗೆ. ಜನ ಇದನ್ನು ಬೇಗ ಕಲಿಯುತ್ತಾರೆ. ಗೌರಿ ಹಬ್ಬ ಮುಗಿದ ವಾರ ‘ದೋಷ’ದ ಸೀರೆ ಎರಡು ಬಂದವು. ಒಂದರ ಸೆರಗಿನಲ್ಲಿ ಕುಂಕುಮ, ಇನ್ನೊಂದರಲ್ಲಿ ಮಲ್ಲಿಗೆ ವಾಸನೆ. ಕ್ಯಾಶ್ ಆನ್ ಡೆಲಿವರಿಯ ಕಥೆ ಇನ್ನೂ ಬೇರೆ. ಬಾಗಿಲವರೆಗೂ ಹೋದ ಪಾರ್ಸೆಲ್ ‘ಬೇಡ’ ಅನ್ನಿಸಿಕೊಂಡು ಹಾಗೇ ತಿರುಗಿ ಬರುತ್ತದೆ. ಮಾರುವವರ ಭಾಷೆಯಲ್ಲಿ ಅದು ‘ಆರ್‌ಟಿಒ’, ರಿಟರ್ನ್ ಟು ಒರಿಜಿನ್, ಅಂದರೆ ಕಳಿಸಿದವರಿಗೇ ವಾಪಸ್. ‘ಮತ್ತೆ ಆರ್‌ಟಿಒ ಆಯ್ತು’ ಅಂತ ನಾನು ತಲೆ ಚಚ್ಚಿಕೊಂಡರೆ, ನಮ್ಮಮ್ಮ ‘ಲೈಸೆನ್ಸ್ ಮನೇಲೆ ಬಿಟ್ಟಿದ್ಯಾ?’ ಅನ್ನುತ್ತಿದ್ದರು.

ಅದೆಲ್ಲ ಸಾಕಾಗಿ ಸ್ವಂತ ಪುಟ ಮಾಡಿಕೊಂಡಿದ್ದೆ. ಪುಟದ ತುದಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದೆ: ‘ಡ್ಯಾಮೇಜ್ ಇದ್ದರೆ ಮಾತ್ರ ವಾಪಸ್. ಪಾರ್ಸೆಲ್ ಬಿಚ್ಚುವ ವಿಡಿಯೊ ಕಡ್ಡಾಯ.’ ಬೇರೆಯವರು ಬರೆದಿದ್ದನ್ನು ನೋಡಿ ನಾನೂ ಬರೆದೆ. ಈ ವಿಡಿಯೊ ನಿಯಮ ನನಗೆ ಯಾವತ್ತೂ ಹಿಡಿಸಿಲ್ಲ. ಸೀರೆ ಬಂದ ಖುಷಿಯಲ್ಲಿ ಯಾರಾದರೂ ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಕತ್ತರಿ ಹಿಡಿಯುತ್ತಾರಾ?

ಕಾನೂನನ್ನೂ ಓದಿಟ್ಟುಕೊಂಡಿದ್ದೆ. ಹಿಂದೊಬ್ಬರು ಗ್ರಾಹಕರ ಕೋರ್ಟಿಗೆ ಹೋಗುತ್ತೇನೆ ಅಂತ ಹೆದರಿಸಿದ್ದರು, ಅದಕ್ಕೆ. 2020ರ ಜುಲೈನಲ್ಲಿ ಬಂದ ಇ-ಕಾಮರ್ಸ್ ನಿಯಮಗಳ ಪ್ರಕಾರ, ಮಾಲು ದೋಷದ್ದಾಗಿದ್ದರೆ, ನಕಲಿಯಾಗಿದ್ದರೆ, ಹೇಳಿದ ಹಾಗೆ ಇಲ್ಲದಿದ್ದರೆ, ಹೇಳಿದ ದಿನ ದಾಟಿ ತಲುಪಿದರೆ ವಾಪಸ್ ತಗೊಳ್ಳಲ್ಲ ಅನ್ನುವಂತಿಲ್ಲ. ಮನಸ್ಸು ಬದಲಾದ ಮಾತು ಆ ಪಟ್ಟಿಯಲ್ಲಿ ಇಲ್ಲ. ಅದು ಮಾರುವವರು ಕೊಟ್ಟ ಮಾತಿಗೆ ಬಿಟ್ಟದ್ದು. ಜರ್ಮನಿಯಲ್ಲಿರುವ ಗೆಳತಿ ಹೇಳುತ್ತಾಳೆ, ಅಲ್ಲಿ ಆನ್‌ಲೈನ್‌ನಲ್ಲಿ ಕೊಂಡಿದ್ದನ್ನು 14 ದಿನದೊಳಗೆ ಕಾರಣವೇ ಹೇಳದೆ ಬೇಡ ಅನ್ನಬಹುದಂತೆ. ಕೇಳಿದಾಗ ಹೊಟ್ಟೆಯಲ್ಲಿ ಸಂಕಟವಾಗಿತ್ತು. ಒಂದು ಸೀರೆಗೆ ನನಗೆ ಉಳಿಯುವುದು ಐನೂರು ರೂಪಾಯಿ. ಹೋಗಿ ಬರುವ ಕೊರಿಯರ್‌ಗೇ ಅದರಲ್ಲಿ ಅರ್ಧ ಹೋಗುತ್ತದೆ.

ಅಂದರೆ ನನ್ನ ಕಡೆ ನ್ಯಾಯವಿತ್ತು. ಸುಮ್ನೆ ‘ಸಾಧ್ಯವಿಲ್ಲ’ ಅಂತ ಬರೆದು ಮುಗಿಸಬಹುದಿತ್ತು. ಯಾಕೋ ಫೋನ್ ಮಾಡಿದೆ.

ಮೊದಲ ಎರಡು ನಿಮಿಷ ಡ್ಯಾಮೇಜ್ ಮಾತೇ. ನಾನು ಜಗಳ ಆಡಲಿಲ್ಲ. ‘ಸೀರೆ ಯಾವುದಕ್ಕೆ ತಗೊಂಡಿದ್ರಿ?’ ಅಂತ ಕೇಳಿದೆ. ನಾದಿನಿ ಮನೆಯ ಗೃಹಪ್ರವೇಶಕ್ಕಂತೆ. ಆ ನಾದಿನಿಯೂ ಅದೇ ಬಣ್ಣದ ಸೀರೆ ತಗೊಂಡು ಕೂತಿದ್ದಾಳೆ. ‘ಅವಳ ಮನೆ ಕಾರ್ಯಕ್ಕೆ ಅವಳ ಬಣ್ಣವೇ ಉಟ್ಟು ಹೋದರೆ ವರ್ಷವಿಡೀ ಆಡಿಕೊಳ್ತಾಳೆ’ ಅಂದರು. ಇಬ್ಬರೂ ನಕ್ಕೆವು. ‘ಇದನ್ನೇ ಮೊದಲು ಹೇಳಬಹುದಿತ್ತಲ್ವಾ?’ ಅಂದೆ.

‘ಡ್ಯಾಮೇಜ್ ಇದ್ದರೆ ಮಾತ್ರ ತಗೋತೀವಿ ಅಂತ ನೀವೇ ಬರೆದಿದ್ದೀರಲ್ಲ!’

ನನ್ನ ಹತ್ತಿರ ಉತ್ತರವಿರಲಿಲ್ಲ. ಬಟ್ಟೆ ಅಂಗಡಿಯ ಗಾದಿ ಮೇಲೆ ಕೂತು ನಾವು ಐವತ್ತು ಸೀರೆ ಬಿಚ್ಚಿಸುತ್ತೇವೆ. ಹೆಗಲ ಮೇಲೆ ಹಾಕಿ, ಕನ್ನಡಿ ನೋಡಿ, ಬಾಗಿಲಾಚೆ ಬೆಳಕಿಗೆ ಹಿಡಿದು, ಹತ್ತು ಸಲ ಮನಸ್ಸು ಬದಲಾಯಿಸುತ್ತೇವೆ. ಅದಕ್ಕೆ ಯಾರೂ ಕಾರಣ ಕೇಳುವುದಿಲ್ಲ. ಫೋನಿನಲ್ಲಿ ಕೊಂಡರೆ ಆ ಹತ್ತೂ ಸಲ ದುಡ್ಡು ಕೊಟ್ಟ ಮೇಲೆ ಬರುತ್ತವೆ. ನಾನು ಬರೆದ ಸಾಲು ಅವರಿಗೆ ಸುಳ್ಳಿನ ಬಾಗಿಲೊಂದನ್ನೇ ತೆರೆದಿಟ್ಟಿತ್ತು.

ಸರಿ, ಬದಲಿ ಸೀರೆ ಕೊಡುತ್ತೇನೆ, ಕೊರಿಯರ್ ಖರ್ಚು ನಿಮ್ಮದು ಅಂದೆ. ಆ ಕಡೆ ಮೌನ. ಆಮೇಲೆ ಮೆಲ್ಲಗೆ, ‘ಫಾಲ್ ಹಾಕಿಸಿಬಿಟ್ಟಿದ್ದೇನೆ.’

ಫಾಲ್ ಹಾಕಿದ ಸೀರೆಯನ್ನು ಹೊಸದು ಅಂತ ಮಾರಲು ಆಗುವುದಿಲ್ಲ. ಬಿಚ್ಚಿದರೂ ಸೂಜಿಯ ತೂತು ಉಳಿಯುತ್ತದೆ. ಕೊನೆಗೆ ಒಂದು ದಾರಿ ಮಾಡಿದೆವು. ಸೀರೆ ಅವರ ಹತ್ತಿರವೇ ಇರಲಿ. ‘ಫಾಲ್ ಹಾಕಿದೆ, ಉಟ್ಟಿಲ್ಲ, 3,400’ ಅಂತ ನಾನು ಸ್ಟೇಟಸ್ ಹಾಕುತ್ತೇನೆ. ಯಾರಾದರೂ ಕೊಂಡರೆ ದುಡ್ಡು ಬೆಂಗಳೂರಿನವರಿಗೆ. ಅವತ್ತೇ ಪುಟದ ಆ ದಪ್ಪ ಅಕ್ಷರದ ಸಾಲು ಅಳಿಸಿ, ‘ಬೇಡ ಅನ್ನಿಸಿದರೆ ಮೂರು ದಿನದೊಳಗೆ ಹೇಳಿ. ಫಾಲ್ ಹಾಕಿಸಬೇಡಿ. ಕೊರಿಯರ್ ಖರ್ಚು ನಿಮ್ಮದು, ಸೀರೆ ಬದಲಿಸಿ ಕೊಡುತ್ತೇನೆ’ ಅಂತ ಬರೆದೆ.

ನಾಲ್ಕನೇ ದಿನ ಗದಗಿನ ಒಬ್ಬ ಟೀಚರ್ 3,400 ಹಾಕಿಯೇ ಬಿಟ್ಟರು. ಫಾಲ್ ಖರ್ಚು ಉಳಿಯಿತು ಅಂತ ಅವರಿಗೆ ಖುಷಿ. ನಾನು ಉಬ್ಬಿಹೋಗಿ ಬೆಂಗಳೂರಿಗೆ ಮೆಸೇಜ್ ಹಾಕಿದೆ, ವಿಳಾಸ ಕಳಿಸುತ್ತೇನೆ, ಪ್ಯಾಕ್ ಮಾಡಿ ಅಂತ.

ಉತ್ತರ ಬಂತು. ‘ಮೇಡಂ, ನಿನ್ನೆ ಸಂಜೆ ಸುಮ್ನೆ ಉಟ್ಟು ನೋಡಿದೆ. ಚೆನ್ನಾಗಿದೆ. ಇರಲಿ ಬಿಡಿ, ನಾನೇ ಇಟ್ಕೋತೀನಿ. ಗೃಹಪ್ರವೇಶಕ್ಕೆ ಬೇರೆ ನೋಡ್ತೀನಿ.’

ಈಗ ಟೀಚರಿಗೆ ಹೇಳುವ ಸರದಿ ನನ್ನದು. ದುಡ್ಡು ಇಸಕೊಂಡು ಸೀರೆ ಇಲ್ಲ ಅನ್ನಬೇಕು. ಫೋನ್ ಹಿಡಿದು ಟೈಪ್ ಮಾಡಿದೆ: ‘ನಮಸ್ಕಾರ. ಆ ಸೀರೆಯಲ್ಲಿ ಸಣ್ಣ ಡ್ಯಾಮೇಜ್ ಕಂಡುಬಂದ...’

ಅಲ್ಲಿಗೆ ಬೆರಳು ನಿಂತಿತು. ಎಲ್ಲ ಅಳಿಸಿ ಇದ್ದದ್ದು ಇದ್ದ ಹಾಗೆ ಬರೆದೆ. 3,400 ತಿರುಗಿ ಹಾಕಿದೆ. ಅರ್ಧ ಗಂಟೆ ಉತ್ತರವಿಲ್ಲ. ಆಮೇಲೆ ಬಂತು: ‘ಇರ್ಲಿ ಬಿಡ್ರಿ. ಹಸಿರು ಒಡಲಿಂದು ಇದ್ರ ತೋರಸ್ರಿ. ಬಿಸಿಲಾಗ ಹಿಡದು ವಿಡಿಯೊ ಮಾಡ್ರಿ ಮತ್ತ.’