ಗೆರೆಗೆ ಎರಡು ಹೆಜ್ಜೆ ಮುಂಚೆ

ಇವತ್ತು ಅಪ್ಪನನ್ನು ಎತ್ತಿಕೊಂಡೆ. ಮನೆ ಮುಂದೆ ಮೂರೇ ಮೆಟ್ಟಿಲು, ಗಾಲಿಕುರ್ಚಿ ಹತ್ತಲಿಲ್ಲ. ಎಷ್ಟು ಹಗುರ ಆಗಿಬಿಟ್ಟಿದ್ದಾರೆ!

ಆಗ ನೆನಪಾದದ್ದು ರಾಬ್ ಬರೋ.

ಇಂಗ್ಲೆಂಡಿನ ಲೀಡ್ಸ್ ರೈನೋಸ್ ತಂಡದ ರಗ್ಬಿ ಲೀಗ್ ಆಟಗಾರ. ಎತ್ತರ ಬರೀ ಐದು ಅಡಿ ಐದು ಇಂಚು. ಗುಡ್ಡದಂಥ ಆಳುಗಳ ನಡುವೆ ನುಸುಳಿ ಓಡುತ್ತಿದ್ದ. 492 ಪಂದ್ಯ, ಅಲ್ಲಿನ ಅತ್ಯುನ್ನತ ಟೂರ್ನಿ ಸೂಪರ್ ಲೀಗ್‌ನಲ್ಲಿ ಎಂಟು ಪ್ರಶಸ್ತಿ. 2017ರಲ್ಲಿ ನಿವೃತ್ತಿ. ಎರಡೇ ವರ್ಷಕ್ಕೆ ಮೋಟಾರ್ ನ್ಯೂರಾನ್ ಕಾಯಿಲೆ, ಅಂದ್ರೆ ಸ್ನಾಯುಗಳನ್ನು ಆಡಿಸುವ ನರಕೋಶಗಳೇ ಸಾಯುತ್ತಾ ಹೋಗುವ ಕಾಯಿಲೆ. ಕೈಕಾಲು ಹೋಯಿತು, ಮಾತೂ ಹೋಯಿತು. ಕೊನೆಗೆ ಕಣ್ಣು ಆಡಿಸಿ ಕಂಪ್ಯೂಟರ್ ಮೂಲಕ ಮಾತಾಡುತ್ತಿದ್ದ.

2023ರ ಮೇ ತಿಂಗಳು, ಲೀಡ್ಸ್ ಮ್ಯಾರಥಾನ್. ಅವನ ಹಳೇ ಕ್ಯಾಪ್ಟನ್ ಕೆವಿನ್ ಸಿನ್‌ಫೀಲ್ಡ್ 42 ಕಿಲೋಮೀಟರ್ ಅವನ ಗಾಲಿಕುರ್ಚಿ ತಳ್ಳಿಕೊಂಡು ಓಡಿದ. ಕೊನೆಯ ಗೆರೆ ಇನ್ನೇನು ಬಂತು ಅನ್ನುವಾಗ ನಿಂತ. ಬಗ್ಗಿ, ಬೆಲ್ಟ್ ಬಿಚ್ಚಿ, ಮಗುವಿನ ಹಾಗೆ ಎರಡೂ ತೋಳಲ್ಲಿ ಎತ್ತಿಕೊಂಡ. ಗೆರೆ ದಾಟಿಸಿ ಮುತ್ತು ಕೊಟ್ಟ.

ಕುರ್ಚಿ ತಳ್ಳಿಕೊಂಡೇ ದಾಟಬಹುದಿತ್ತು, ಅಲ್ವಾ? ಆದರೆ ನಿಂತ. ಆ ವಿಡಿಯೋದಲ್ಲಿ ನಾನು ಮತ್ತೆ ಮತ್ತೆ ನೋಡೋದು ಓಟವನ್ನಲ್ಲ, ಆ ನಿಲ್ಲುವುದನ್ನ.

2024ರ ಜೂನ್ 2ರಂದು ರಾಬ್ ಹೋದ. ಬರೀ 41 ವರ್ಷ. ಮಾರನೇ ದಿನವೇ ಲೀಡ್ಸ್‌ನಲ್ಲಿ ಈ ಕಾಯಿಲೆಗೇ ಮೀಸಲಾದ, ಅವನ ಹೆಸರಿನ ಚಿಕಿತ್ಸಾ ಕೇಂದ್ರಕ್ಕೆ ಗುದ್ದಲಿ ಬಿತ್ತು. ಅದಕ್ಕಾಗಿ ಅವನೇ ಹಣ ಕೂಡಿಸಲು ಹೋರಾಡಿದ್ದ.

ಮೆಟ್ಟಿಲು ಹತ್ತಿದ ಮೇಲೂ ಅಪ್ಪನನ್ನು ತಕ್ಷಣ ಇಳಿಸಲಿಲ್ಲ. "ಸಾಕು ಬಿಡೋ, ಬೆನ್ನು ನೋಯುತ್ತೆ ನಿಂಗೆ" ಅಂದರು. ಸುಮ್ನೆ ಒಂದು ನಿಮಿಷ ಹಾಗೇ ಹೊಸ್ತಿಲಲ್ಲಿ ನಿಂತಿದ್ದೆ.